ಲೈಬ್ರರಿಗೆ ಇನ್ನೊಂದು ಅನುಕೂಲದ ಫಂಕ್ಷನ್ ಸೇರಿಸಬೇಕೇ? ತೀರ್ಮಾನಿಸುವ ಬಗೆ

ಬೇರೆ ಪ್ರೋಗ್ರಾಮರ್‌ಗಳು ಬಳಸಲೆಂದು ಬರೆದಿಟ್ಟ ಕೋಡ್‌ನ ಸಂಗ್ರಹವನ್ನು, ಅಂದರೆ ಲೈಬ್ರರಿಯೊಂದನ್ನು, ನೋಡಿಕೊಳ್ಳುವವರಿಗೆ ಒಂದೇ ಬಗೆಯ ಕೋರಿಕೆ ಮತ್ತೆ ಮತ್ತೆ ಬರುತ್ತದೆ. ಈಗಾಗಲೇ ಇರುವ ಎರಡು ಮೂರು ಫಂಕ್ಷನ್‌ಗಳನ್ನು (ಹೆಸರು ಹಿಡಿದು ಕರೆಯಬಹುದಾದ ಕೋಡ್ ತುಣುಕುಗಳನ್ನು) ಜೋಡಿಸಿದರೆ ಆಗಿಬಿಡುವ ಕೆಲಸಕ್ಕೆ ಬೇರೆ ಹೆಸರಿನ ಇನ್ನೊಂದು ಫಂಕ್ಷನ್ ಕೊಡಿ, ಎಲ್ಲರಿಗೂ ಅನುಕೂಲವಾಗುತ್ತದೆ ಎನ್ನುವುದೇ ಆ ಕೋರಿಕೆ. ಜೊತೆಗೆ ಕೋಡ್ ಕೂಡ ಬರೆದು ಕಳುಹಿಸಿರುತ್ತಾರೆ. ಅದು ನಾಲ್ಕು ಸಾಲು ದಾಟುವುದಿಲ್ಲ, ಟೆಸ್ಟ್‌ಗಳೂ ಪಾಸಾಗಿರುತ್ತವೆ. ಬೇಡ ಎನ್ನುವುದಕ್ಕೆ ತಕ್ಷಣ ಕಾರಣ ಹೊಳೆಯುವುದಿಲ್ಲ. ಹಾಗೆಂದು ಬಂದದ್ದನ್ನೆಲ್ಲ ಸೇರಿಸುತ್ತ ಹೋದರೆ, ಕೆಲವೇ ವರ್ಷಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂಬುದು ಲೈಬ್ರರಿ ಬರೆದವರಿಗೇ ಗೊಂದಲವಾಗುತ್ತದೆ.

ಇಂಥ ಕೋರಿಕೆಗಳನ್ನು ಬಹಳ ಕಾಲ ನಾನು "ಇದರಿಂದ ಎಷ್ಟು ಸಾಲು ಉಳಿಯುತ್ತದೆ" ಎಂಬ ಲೆಕ್ಕದಲ್ಲಿ ನೋಡುತ್ತಿದ್ದೆ. ಆ ಲೆಕ್ಕ ಸಾಲದು ಎಂಬುದು ನನ್ನ ಈಗಿನ ಅಭಿಪ್ರಾಯ. ಕೇಳಬೇಕಾದ ಪ್ರಶ್ನೆ ಬೇರೆಯದು: ಈ ಫಂಕ್ಷನ್ ಇಲ್ಲದಿದ್ದಾಗ ಜನ ಬರೆಯುವ ಕೋಡ್‌ನಲ್ಲಿ ತಪ್ಪುಗಳಾಗುತ್ತಿವೆಯೇ, ಮತ್ತು ಇದು ಬಂದ ಮೇಲೆ ಆ ತಪ್ಪುಗಳು ನಿಲ್ಲುತ್ತವೆಯೇ? ಬೆರಳಿಗೆ ಸ್ವಲ್ಪ ಶ್ರಮ ಕಡಿಮೆ ಮಾಡುವ ಫಂಕ್ಷನ್ನು ಬೇಡದ ಹೊರೆಯಾಗಬಹುದು. ಕಣ್ಣಿಗೆ ಬೀಳದ ತಪ್ಪೊಂದನ್ನು ತಡೆಯುವ ಫಂಕ್ಷನ್ನು ಎರಡೇ ಸಾಲಿನದಾದರೂ ಲೈಬ್ರರಿಯಲ್ಲಿ ಇರಬೇಕಾದದ್ದು. ಈ ಪ್ರಶ್ನೆಯನ್ನು ಹಿಡಿದು ಹೇಗೆ ಮುಂದುವರಿಯಬೇಕೆಂದು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಾಗಿ, ಕನ್ನಡ ಪಠ್ಯವನ್ನು ಸಂಸ್ಕರಿಸುವ ಪೈಥಾನ್ ಲೈಬ್ರರಿಯೊಂದು ನಿಮ್ಮ ಹೊಣೆಯಲ್ಲಿದೆ ಎಂದು ಇಟ್ಟುಕೊಳ್ಳೋಣ. ಕನ್ನಡದ ಲಿಪಿಯಲ್ಲಿ ಸುಲಭವೆಂದು ಕಾಣುವ ಕೆಲಸಗಳು ಸುಲಭವಾಗಿರುವುದಿಲ್ಲ, ಕಷ್ಟವೆಂದು ಕಾಣುವ ಕೆಲವು ಕೆಲಸಗಳು ಆಗಲೇ ಮುಗಿದಿರುತ್ತವೆ. ಆದ್ದರಿಂದ ಈ ಉದಾಹರಣೆ ನಮಗೆ ಚೆನ್ನಾಗಿ ಒದಗುತ್ತದೆ.

ಮೊದಲು, ಆ ಫಂಕ್ಷನ್ ಇಲ್ಲದೆ ಬರೆದು ನೋಡಿ

ಕೋರಿಕೆಯನ್ನು ಓದಿದ ಕೂಡಲೇ ಚರ್ಚೆಗೆ ಇಳಿಯಬೇಡಿ. ಅದೇ ಕೆಲಸವನ್ನು ಈಗಿರುವ ಸಲಕರಣೆಗಳಿಂದ ನೀವೇ ಬರೆಯಿರಿ, ಓಡಿಸಿ ನೋಡಿ. "ಕನ್ನಡ ಅಂಕಿಗಳಲ್ಲಿರುವ ಪಠ್ಯವನ್ನು ಸಂಖ್ಯೆಯಾಗಿಸುವ ಫಂಕ್ಷನ್ ಬೇಕು" ಎಂದು ಒಬ್ಬರು ಕೇಳಿದ್ದಾರೆ ಎನ್ನೋಣ. ಹತ್ತು ಅಂಕಿಗಳ ಕೋಷ್ಟಕ, ಒಂದು ಲೂಪ್, ದೋಷ ಬಂದರೆ ಏನು ಮಾಡಬೇಕೆಂಬ ವ್ಯವಸ್ಥೆ ಎಲ್ಲವನ್ನೂ ಅವರು ಬರೆದು ಕಳುಹಿಸಿರುತ್ತಾರೆ. ಆದರೆ ಪಠ್ಯವನ್ನು ಪೂರ್ಣಾಂಕವಾಗಿಸುವ ಪೈಥಾನ್‌ನ 'ಇಂಟ್', ಎಲ್ಲ ಲಿಪಿಗಳ ಚಿಹ್ನೆಗಳಿಗೂ ಸಂಖ್ಯೆ ಕೊಡುವ ಮಾನದಂಡವಾದ ಯೂನಿಕೋಡ್‌ನ ಎಲ್ಲ ದಶಮಾನ ಅಂಕಿಗಳನ್ನೂ ಒಪ್ಪಿಕೊಳ್ಳುತ್ತದೆ. "೧೨೩" ಎಂಬ ಪಠ್ಯವನ್ನು ನೇರವಾಗಿ ಅದಕ್ಕೆ ಕೊಟ್ಟರೆ 123 ಸಿಗುತ್ತದೆ, 'ಫ್ಲೋಟ್' ಕೂಡ ಹಾಗೆಯೇ "೩.೫" ಅನ್ನು ಅರ್ಥಮಾಡಿಕೊಳ್ಳುತ್ತದೆ. ಕೋರಿದವರ ಇಪ್ಪತ್ತು ಸಾಲು ಭಾಷೆಯಲ್ಲೇ ಇರುವ ಒಂದು ಕರೆಗೆ ಸಮ. ಇಲ್ಲಿ ಬೇಕಾದದ್ದು ಫಂಕ್ಷನ್ ಅಲ್ಲ, ಡಾಕ್ಯುಮೆಂಟೇಷನ್‌ನಲ್ಲಿ ಎದ್ದು ಕಾಣುವ ಒಂದು ವಾಕ್ಯ.

ಇದೇ ಕೋರಿಕೆ ಜಾವಾಸ್ಕ್ರಿಪ್ಟ್ ಲೈಬ್ರರಿಗೆ ಬಂದಿದ್ದರೆ ಉತ್ತರ ಬೇರೆ. ಅಲ್ಲಿ "೧೨೩" ಅನ್ನು 'ನಂಬರ್'‌ಗೆ ಕೊಟ್ಟರೆ ಸಂಖ್ಯೆಯಲ್ಲವೆಂದು ಸೂಚಿಸುವ ನ್ಯಾನ್ ಬರುತ್ತದೆ. ಗೋ ಭಾಷೆಯ 'ಅಟಾಯ್' ದೋಷ ಹಿಂತಿರುಗಿಸುತ್ತದೆ. ಜಾವಾದ 'ಪಾರ್ಸ್‌ಇಂಟ್' ಪೈಥಾನ್‌ನಂತೆಯೇ ಒಪ್ಪಿಕೊಳ್ಳುತ್ತದೆ. ಫಂಕ್ಷನ್ ಹೆಚ್ಚುವರಿಯೋ ಅಲ್ಲವೋ ಎಂಬುದು ಅದು ನಿಲ್ಲುವ ನೆಲವನ್ನು ಅವಲಂಬಿಸಿದೆ. ಒಂದು ಭಾಷೆಯ ಲೈಬ್ರರಿಯಲ್ಲಿ ಇದೆ ಎಂಬ ಕಾರಣಕ್ಕೆ ಇನ್ನೊಂದರಲ್ಲೂ ಇರಬೇಕು ಎಂಬ ವಾದವನ್ನು ಆದ್ದರಿಂದಲೇ ಹಾಗೆಯೇ ಒಪ್ಪಬಾರದು.

ಹೀಗೆ ಬರೆದು ನೋಡುವಾಗ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಕೆಲವೊಮ್ಮೆ ಹೆಚ್ಚುವರಿ ಎಂದು ಕಂಡದ್ದು ಹೆಚ್ಚುವರಿಯೇ ಆಗಿರುವುದಿಲ್ಲ. "ಅಕ್ಷರಗಳನ್ನು ಎಣಿಸುವ ಫಂಕ್ಷನ್ ಕೊಡಿ" ಎಂದರೆ, ಪಠ್ಯದ ಉದ್ದ ಹೇಳುವ 'ಲೆನ್' ಇದೆಯಲ್ಲ ಎಂದು ತಳ್ಳಿಹಾಕುವ ಮನಸ್ಸಾಗುತ್ತದೆ. ಆದರೆ "ಅಕ್ಷರ" ಎಂಬ ಪದಕ್ಕೆ 'ಲೆನ್' ಹೇಳುವ ಉತ್ತರ 5. ಅ, ಕ, ವಿರಾಮದ ಚಿಹ್ನೆ, ಷ, ರ ಎಂಬ ಐದು ಕೋಡ್‌ಪಾಯಿಂಟ್‌ಗಳನ್ನು (ಯೂನಿಕೋಡ್‌ನಲ್ಲಿ ಸಂಖ್ಯೆ ಪಡೆದ ಬಿಡಿ ಚಿಹ್ನೆಗಳನ್ನು) ಅದು ಎಣಿಸುತ್ತದೆ. ಓದುವವರ ಕಣ್ಣಿಗೆ ಅಲ್ಲಿರುವುದು ಮೂರೇ ಅಕ್ಷರ. ಈ ಎರಡರ ನಡುವಿನ ಅಂತರವನ್ನು ತುಂಬಲು ಒತ್ತಕ್ಷರಗಳ ನಿಯಮ ತಿಳಿದಿರಬೇಕು. ಅದು ಅನುಕೂಲದ ಮಾತಲ್ಲ, ಲೈಬ್ರರಿಯ ಮೂಲ ಕೆಲಸ. ಅಂಥದ್ದನ್ನು ಈ ಚರ್ಚೆಯಿಂದ ಹೊರಗೆ ತೆಗೆದು, ಅದಕ್ಕೆ ತಕ್ಕ ಗಂಭೀರತೆಯಿಂದ ಬೇರೆಯಾಗಿ ಕೈಗೆತ್ತಿಕೊಳ್ಳಿ.

ಜನ ಬರೆದ ಕೋಡ್‌ನಲ್ಲಿ ತಪ್ಪು ಹುಡುಕಿ

ತೀರ್ಮಾನಕ್ಕೆ ಬೇಕಾದ ಸಾಕ್ಷ್ಯ ಸಿಗುವುದು ಇಲ್ಲಿ. ನಿಮ್ಮ ಲೈಬ್ರರಿಯನ್ನು ಬಳಸುವ ಪ್ರಾಜೆಕ್ಟ್‌ಗಳನ್ನು ತೆರೆದು, ಕೋರಿಕೆಯ ಕೆಲಸವನ್ನು ಜನ ಹೇಗೆ ಮಾಡಿಕೊಂಡಿದ್ದಾರೆಂದು ಓದಿ. ಎಲ್ಲರೂ ಒಂದೇ ರೀತಿ ಬರೆದು, ಎಲ್ಲವೂ ಸರಿಯಾಗಿದ್ದರೆ ಹೊಸ ಫಂಕ್ಷನ್ನಿನ ಅಗತ್ಯ ಕಡಿಮೆ. ಐದು ರೀತಿಯಲ್ಲಿ ಬರೆದು, ಅದರಲ್ಲಿ ಎರಡು ತಪ್ಪಾಗಿದ್ದರೆ ಅಗತ್ಯವಿದೆ ಎಂದೇ ಅರ್ಥ.

ಪೈಥಾನ್‌ನ ಇತಿಹಾಸದಲ್ಲೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಪಠ್ಯದ ಕೊನೆಯಿಂದ ನಿರ್ದಿಷ್ಟ ಭಾಗವೊಂದನ್ನು ತೆಗೆಯಲು ಬಹಳ ಜನ 'ಆರ್‌ಸ್ಟ್ರಿಪ್' ಬಳಸುತ್ತಿದ್ದರು. ಆದರೆ ಅದು ಕೊಟ್ಟ ಪಠ್ಯವನ್ನು ಇಡಿಯಾಗಿ ನೋಡುವುದಿಲ್ಲ. ಅದರಲ್ಲಿರುವ ಚಿಹ್ನೆಗಳ ಗುಂಪನ್ನು ಹಿಡಿದು, ಆ ಗುಂಪಿಗೆ ಸೇರದ ಚಿಹ್ನೆ ಸಿಗುವವರೆಗೂ ಕೊನೆಯಿಂದ ತೆಗೆಯುತ್ತ ಹೋಗುತ್ತದೆ. ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಬೇರ್ಪಡಿಸಲು ಹೊರಟವರಿಗೆ ಇದು ಹೇಗೆ ಕಾಡುತ್ತದೆ ನೋಡಿ. "ಮನೆಯಲ್ಲಿ" ಎಂಬುದರಿಂದ "ಲ್ಲಿ" ತೆಗೆಯಿರಿ ಎಂದರೆ "ಮನೆಯ" ಉಳಿಯುತ್ತದೆ. ಎಲ್ಲವೂ ಸರಿಯಿದೆ ಅನ್ನಿಸುತ್ತದೆ. "ಹಾಲಲ್ಲಿ" ಎಂಬುದರಿಂದ ತೆಗೆಯಿರಿ ಎಂದರೆ "ಹಾಲ" ಉಳಿಯಬೇಕಾದ ಕಡೆ "ಹಾ" ಮಾತ್ರ ಉಳಿಯುತ್ತದೆ, ಏಕೆಂದರೆ ಹಾಲಿನ 'ಲ' ಕೂಡ ಆ ಗುಂಪಿನಲ್ಲಿದೆ. ಮೊದಲ ಉದಾಹರಣೆಯಿಂದಷ್ಟೇ ಟೆಸ್ಟ್ ಬರೆದವರಿಗೆ ಈ ದೋಷ ಎಂದಿಗೂ ಕಾಣುವುದಿಲ್ಲ.

ಎಚ್ಚರಿಕೆಯುಳ್ಳವರು ಕೈಯಾರೆ ಬರೆಯುತ್ತಿದ್ದ ರೂಪದಲ್ಲೂ ಒಂದು ಗುಂಡಿ ಇತ್ತು. ಪಠ್ಯ ಆ ಪ್ರತ್ಯಯದಿಂದ ಕೊನೆಗೊಂಡರೆ, ಪ್ರತ್ಯಯದ ಉದ್ದದಷ್ಟನ್ನು ಕೊನೆಯಿಂದ ಕತ್ತರಿಸಿ ಎಂದು ಬರೆಯುವುದು ಸಹಜ. ಪ್ರತ್ಯಯ ಖಾಲಿ ಪಠ್ಯವಾಗಿದ್ದರೆ ಅದರ ಉದ್ದ ಸೊನ್ನೆ. ಯಾವ ಪಠ್ಯವಾದರೂ ಖಾಲಿ ಪಠ್ಯದಿಂದ ಕೊನೆಗೊಳ್ಳುತ್ತದೆ ಎಂದೇ ಪೈಥಾನ್ ಹೇಳುತ್ತದೆ. ಸೊನ್ನೆಗೆ ಋಣ ಚಿಹ್ನೆ ಹಾಕಿದರೂ ಅದು ಸೊನ್ನೆಯೇ, ಆದ್ದರಿಂದ ಕತ್ತರಿಸಿದಾಗ ಇಡೀ ಪಠ್ಯವೇ ಮಾಯವಾಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.9 ಆವೃತ್ತಿಯಲ್ಲಿ, ಪೆಪ್ 616 ಎಂಬ ಪ್ರಸ್ತಾವದ ಮೂಲಕ 'ರಿಮೂವ್‌ಪ್ರಿಫಿಕ್ಸ್' ಮತ್ತು 'ರಿಮೂವ್‌ಸಫಿಕ್ಸ್' ಎಂಬ ಎರಡು ಮೆಥಡ್‌ಗಳು ಸೇರಿದವು. ಎರಡೂ ಶುದ್ಧ ಹೆಚ್ಚುವರಿ. ಇವಿಲ್ಲದೆ ಮಾಡಲಾಗದ ಕೆಲಸ ಒಂದೂ ಇಲ್ಲ. ಆದರೂ ಇವು ಭಾಷೆಯೊಳಗೇ ಬರಬೇಕಾಗಿದ್ದವು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಇವಿಲ್ಲದಿದ್ದಾಗ ಜನ ತಪ್ಪು ಮಾಡುತ್ತಿದ್ದರು, ಮತ್ತು ಆ ತಪ್ಪು ಮೌನವಾಗಿತ್ತು.

ಗೋ ಭಾಷೆಯವರು 2022ರ ಮಾರ್ಚ್‌ನ 1.18 ಆವೃತ್ತಿಯಲ್ಲಿ 'ಸ್ಟ್ರಿಂಗ್ಸ್' ಪ್ಯಾಕೇಜಿಗೆ 'ಕಟ್' ಸೇರಿಸಿದ ಕ್ರಮವೂ ಅನುಕರಣೀಯ. ಪಠ್ಯವನ್ನು ಒಂದು ವಿಭಜಕ ಚಿಹ್ನೆಯ ಹಿಂದೆ ಮತ್ತು ಮುಂದೆ ಎಂದು ಎರಡಾಗಿ ಸೀಳುವುದು ಅದರ ಕೆಲಸ. 'ಇಂಡೆಕ್ಸ್' ಬಳಸಿ ಸ್ಥಾನ ಹುಡುಕಿ, ಸಿಗದಿದ್ದರೆ ಏನೆಂದು ನೋಡಿ, ವಿಭಜಕದ ಉದ್ದವನ್ನು ಕೂಡಿಸಿ ಕತ್ತರಿಸುವುದು ಹಳೆಯ ದಾರಿ. ಪ್ರಸ್ತಾವ ಮಂಡಿಸಿದವರು ಗೋ ಭಾಷೆಯದೇ ಕೋಡ್ ಭಂಡಾರದಲ್ಲಿ 'ಇಂಡೆಕ್ಸ್' ಬಗೆಯ ಕರೆಗಳನ್ನು ಎಣಿಸಿ, ಅವುಗಳಲ್ಲಿ ಬಹುಪಾಲು 'ಕಟ್'‌ನಿಂದ ಇನ್ನೂ ಸರಳವಾಗಿ ಬರೆಯಬಹುದಾದವು ಎಂದು ತೋರಿಸಿದರು. ನಿಮ್ಮ ಲೈಬ್ರರಿ ಎಷ್ಟೇ ಚಿಕ್ಕದಾಗಿರಲಿ, ಈ ಎಣಿಕೆಗೆ ಅರ್ಧ ದಿನ ಸಾಕು. ಅಷ್ಟು ಸಮಯ ಕೊಡಲಾಗದ ಫಂಕ್ಷನ್ನಿಗೆ ಮುಂದಿನ ಹತ್ತು ವರ್ಷದ ನಿರ್ವಹಣೆಯನ್ನು ಕೊಡುವುದೂ ಸರಿಯಲ್ಲ.

ನಮ್ಮ ಕನ್ನಡ ಲೈಬ್ರರಿಗೆ ಹಿಂತಿರುಗೋಣ. "ಎರಡು ಪಠ್ಯಗಳು ಒಂದೇ ಆಗಿವೆಯೇ ಎಂದು ಹೇಳುವ ಫಂಕ್ಷನ್ ಬೇಕು" ಎಂಬ ಕೋರಿಕೆ ಬಂದಿದೆ. ಸಮ ಚಿಹ್ನೆ ಇರುವಾಗ ಇದೇಕೆ ಎನ್ನಿಸುವುದು ಸಹಜ. "ಕೋಲಾರ" ಎಂಬ ಹೆಸರನ್ನು ಯೂನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಇಡಬಹುದು. ಓತ್ವಕ್ಕೆ ಒಂದೇ ಕೋಡ್‌ಪಾಯಿಂಟ್ ಬಳಸಿದರೆ ಒಟ್ಟು 5; ಅದನ್ನು ಎತ್ವ, ಕೊಂಬಿನ ದೀರ್ಘ, ದೀರ್ಘದ ಚಿಹ್ನೆ ಎಂದು ಪೂರ್ತಿ ಬಿಡಿಸಿದರೆ ಒಟ್ಟು 7. ಪರದೆಯ ಮೇಲೆ ಎರಡೂ ಒಂದೇ. ಸಮ ಚಿಹ್ನೆ ಹಾಕಿ ಹೋಲಿಸಿದರೆ ಬೇರೆ ಬೇರೆ ಎಂಬ ಉತ್ತರ ಬರುತ್ತದೆ. ಆ್ಯಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಫೈಲ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು, ಆದ್ದರಿಂದ ಇದು ಕಲ್ಪನೆಯ ಸಮಸ್ಯೆಯಲ್ಲ. ಧಾರವಾಡ, ಹಾಸನ ಎಂಬ ಹೆಸರುಗಳಲ್ಲಿ ಬಿಡಿಸಲು ಏನೂ ಇಲ್ಲ. ಅವುಗಳಿಂದ ಪರೀಕ್ಷಿಸಿದವರಿಗೆ ಕೋಲಾರ, ಮೈಸೂರು, ಬೀದರ್ ಬಂದಾಗ ಎಡವಟ್ಟಾಗುತ್ತದೆ. ಬೇರೆ ಬೇರೆ ರೀತಿಯಲ್ಲಿ ಇಟ್ಟ ಒಂದೇ ಪಠ್ಯವನ್ನು ಏಕರೂಪಕ್ಕೆ ತರುವುದನ್ನು ನಾರ್ಮಲೈಸೇಷನ್ ಎನ್ನುತ್ತಾರೆ. ಎರಡನ್ನೂ ಎನ್‌ಎಫ್‌ಸಿ ಎಂಬ ನಾರ್ಮಲೈಸೇಷನ್ ರೂಪಕ್ಕೆ ತಂದು ಹೋಲಿಸುವುದೇ ಪರಿಹಾರ, ಮತ್ತು ಅದು ಒಂದೇ ಸಾಲು.

ಈ ಒಂದು ಸಾಲಿನ ಫಂಕ್ಷನ್ನನ್ನು ನಾನು ಸೇರಿಸುತ್ತೇನೆ. ಅದನ್ನು ಬರೆಯುವುದು ಕಷ್ಟವೆಂದಲ್ಲ, ಬರೆಯಬೇಕೆಂದು ಹೊಳೆಯುವುದೇ ಕಷ್ಟ. ಲೈಬ್ರರಿಯ ಪಟ್ಟಿಯಲ್ಲಿ ಆ ಹೆಸರನ್ನು ನೋಡಿದ ಮೇಲೆಯೇ ಹಲವರಿಗೆ "ಸಮ ಚಿಹ್ನೆ ಸಾಲದೇ?" ಎಂಬ ಪ್ರಶ್ನೆ ಏಳುತ್ತದೆ. ಆದರೆ ಇದರ ಡಾಕ್ಯುಮೆಂಟೇಷನ್ನಿನ ಮೊದಲ ಸಾಲಿನಲ್ಲೇ ಒಂದು ಎಚ್ಚರಿಕೆ ಇರಬೇಕು: ಪಠ್ಯವನ್ನು ಡಿಕ್ಷನರಿಯ (ಹೆಸರಿಗೆ ಮೌಲ್ಯ ಹೊಂದಿಸಿಡುವ ಪೈಥಾನ್ ಕೋಷ್ಟಕದ) ಕೀ ಆಗಿ ಬಳಸುವಾಗ, ಹುಡುಕುವಾಗ, ವಿಂಗಡಿಸುವಾಗ ಈ ಫಂಕ್ಷನ್ ನೆರವಿಗೆ ಬರುವುದಿಲ್ಲ, ಆದ್ದರಿಂದ ಪಠ್ಯ ಪ್ರೋಗ್ರಾಮಿನ ಒಳಗೆ ಬರುವ ಬಾಗಿಲಲ್ಲೇ ಅದನ್ನು ನಾರ್ಮಲೈಸ್ ಮಾಡುವುದು ಉತ್ತಮ. ಈ ಮಾತನ್ನು ಬಿಟ್ಟರೆ ನಾವು ಒಂದು ತಪ್ಪನ್ನು ತಡೆದು, ಎಲ್ಲವೂ ಸರಿಯಾಯಿತು ಎಂಬ ಹುಸಿ ಧೈರ್ಯವನ್ನು ಕೊಟ್ಟಂತಾಗುತ್ತದೆ.

ಒಳಗೆ ಅಡಗಿದ ತೀರ್ಮಾನ

ಕೆಲವು ಫಂಕ್ಷನ್‌ಗಳು ಎರಡು ಹೆಜ್ಜೆಗಳನ್ನು ಕೂಡಿಸುವ ನೆಪದಲ್ಲಿ, ಬಳಸುವವರು ಮಾಡಬೇಕಾದ ತೀರ್ಮಾನವೊಂದನ್ನು ತಾವೇ ಮಾಡಿಬಿಡುತ್ತವೆ. ಇದನ್ನು ಪತ್ತೆ ಹಚ್ಚುವುದಕ್ಕೆ ಒಂದು ಉಪಾಯವಿದೆ. ಫಂಕ್ಷನ್ ಬೇಕೆಂದ ಇಬ್ಬರು ಬೇರೆ ಬೇರೆ ಬಳಕೆದಾರರನ್ನು ಕಲ್ಪಿಸಿಕೊಂಡು, ಅಂಚಿನಲ್ಲಿರುವ ಒಂದು ಇನ್‌ಪುಟ್‌ಗೆ ಇಬ್ಬರೂ ಒಂದೇ ಉತ್ತರ ಬಯಸುತ್ತಾರೆಯೇ ಎಂದು ಕೇಳಿಕೊಳ್ಳಿ. ಬಯಸುವುದಿಲ್ಲ ಎಂದಾದರೆ, ನಿಮ್ಮ ಮುಂದಿರುವುದು ಅನುಕೂಲವಲ್ಲ, ಒಂದು ನೀತಿ.

ಪಠ್ಯ ಹೋಲಿಕೆಯ ಫಂಕ್ಷನ್ ಬಂದ ಮರುವಾರವೇ, "ಕಾಣದ ಜೋಡಕ ಚಿಹ್ನೆಗಳನ್ನೂ ಅದು ಕಡೆಗಣಿಸಲಿ" ಎಂಬ ಕೋರಿಕೆ ಬರುವುದು ಖಚಿತ. "ರಾಜ್‌ಕುಮಾರ್" ಎಂದು ಬರೆಯಲು ಜ್ ಮತ್ತು ಕು ನಡುವೆ ಒತ್ತಕ್ಷರವಾಗದಂತೆ ತಡೆಯುವ ಶೂನ್ಯ ಅಗಲದ ಚಿಹ್ನೆಯೊಂದನ್ನು ಹಾಕುತ್ತೇವೆ. ಹಾಕದೆ ಟೈಪ್ ಮಾಡಿದರೆ "ರಾಜ್ಕುಮಾರ್" ಆಗುತ್ತದೆ. ಹೆಸರು ಹುಡುಕುವವರಿಗೆ ಇವೆರಡೂ ಒಂದೇ ಆಗಿರಬೇಕು. ಮುದ್ರಣಕ್ಕೆ ಪುಟ ಸಿದ್ಧಪಡಿಸಿ ಕರಡು ತಿದ್ದುವವರಿಗೆ ಇವೆರಡೂ ಬೇರೆಯಾಗಿರಲೇಬೇಕು, ಏಕೆಂದರೆ ಎರಡನೆಯದು ಅವರ ಪಾಲಿಗೆ ತಪ್ಪು. "ರ‍್ಯಾಂಕ್" ಎಂಬಲ್ಲಿ ಇನ್ನೊಂದು ಅಂಥ ಚಿಹ್ನೆಯೇ ಅರ್ಕಾವೊತ್ತು ಬರದಂತೆ ತಡೆಯುತ್ತಿದೆ. ತೆಗೆದರೆ "ರ್ಯಾಂಕ್" ಎಂದು ಬೇರೆಯೇ ರೂಪ ತಾಳುತ್ತದೆ. ಎನ್‌ಎಫ್‌ಸಿ ಈ ಚಿಹ್ನೆಗಳನ್ನು ಮುಟ್ಟುವುದಿಲ್ಲ, ಮುಟ್ಟಬಾರದು ಕೂಡ. ಇಲ್ಲಿ ಲೈಬ್ರರಿ ಒಂದು ಪಕ್ಷ ವಹಿಸಿದರೆ ಇನ್ನೊಂದು ಪಕ್ಷದವರಿಗೆ ಅನ್ಯಾಯ. ಅಂಥ ಫಂಕ್ಷನ್ನನ್ನು ನಾನು ಸೇರಿಸುವುದಿಲ್ಲ. ಚಿಹ್ನೆಗಳನ್ನು ತೆಗೆಯುವ ಕೆಲಸಕ್ಕೆ ಬೇರೆ ಫಂಕ್ಷನ್ ಇರಲಿ, ಅದನ್ನು ಹೋಲಿಕೆಗೆ ಮುಂಚೆ ಬಳಸಬೇಕೇ ಎಂಬುದನ್ನು ಕರೆಯುವವರೇ ಬರೆಯಲಿ.

ದೊಡ್ಡ ಲೈಬ್ರರಿಗಳಲ್ಲೂ ಇಂಥ ಅಡಗಿದ ತೀರ್ಮಾನಗಳು ಕಾಣಸಿಗುತ್ತವೆ. ವಸ್ತುಗಳ ಸಾಲನ್ನು ಸಂಸ್ಕರಿಸುವ ಜಾವಾದ ಸ್ಟ್ರೀಮ್‌ಗಳಿಗೆ, ಫಲಿತಾಂಶವನ್ನು ಪಟ್ಟಿಯಾಗಿ ಕೊಡಲು, 2021ರ ಜಾವಾ 16ರಲ್ಲಿ 'ಟುಲಿಸ್ಟ್' ಬಂತು. 'ಕಲೆಕ್ಟ್' ಎಂದು ಕರೆದು ಒಳಗೆ 'ಕಲೆಕ್ಟರ್ಸ್'‌ನ 'ಟುಲಿಸ್ಟ್' ಕೊಡುವ ಉದ್ದನೆಯ ರೂಪದ ಸಂಕ್ಷೇಪದಂತೆ ಅದು ಕಾಣುತ್ತದೆ. ಆದರೆ ಹೊಸದು ಕೊಡುವುದು ಬದಲಾಯಿಸಲಾಗದ ಪಟ್ಟಿ. ಹಳೆಯ ರೂಪ ಯಾವ ಭರವಸೆಯನ್ನೂ ಕೊಡದಿದ್ದರೂ, ಆಚರಣೆಯಲ್ಲಿ ಬದಲಾಯಿಸಬಹುದಾದ ಪಟ್ಟಿಯನ್ನೇ ಕೊಡುತ್ತ ಬಂದಿತ್ತು. ಕೇವಲ ಚಿಕ್ಕದಾಗಿಸುವ ಉದ್ದೇಶದಿಂದ ಎಲ್ಲೆಡೆ ಬದಲಾಯಿಸಿದವರ ಕೋಡ್, ಪಟ್ಟಿಗೆ ಮುಂದೆಲ್ಲೋ ಏನನ್ನೋ ಸೇರಿಸುವಾಗ ಮುರಿಯಬಹುದು. ವಸ್ತುಗಳನ್ನು ನಿಗದಿತ ಗಾತ್ರದ ಗುಂಪುಗಳಾಗಿಸುವ ಪೈಥಾನ್‌ನ 'ಬ್ಯಾಚ್‌ಡ್' 2023ರ 3.12ರಲ್ಲಿ ಬಂದಾಗ, ಕೊನೆಯ ಗುಂಪಿನಲ್ಲಿ ಸಾಕಷ್ಟು ವಸ್ತುಗಳಿಲ್ಲದಿದ್ದರೆ ಇದ್ದಷ್ಟನ್ನೇ ಕೊಡುತ್ತಿತ್ತು, ಮರುವರ್ಷ 3.13ರಲ್ಲಿ, ಅಂಥ ಸಂದರ್ಭದಲ್ಲಿ ದೋಷ ಎತ್ತಬೇಕೆನ್ನುವವರಿಗಾಗಿ 'ಸ್ಟ್ರಿಕ್ಟ್' ಎಂಬ ಪ್ಯಾರಾಮೀಟರ್ (ಕರೆಯುವಾಗ ಕೊಡುವ ಆಯ್ಕೆ) ಸೇರಿಸಬೇಕಾಯಿತು. ಒಂದು ಪ್ಯಾರಾಮೀಟರ್ ಸಹ್ಯ. ಮೂರನೆಯ ಹೌದು-ಇಲ್ಲ ಪ್ಯಾರಾಮೀಟರ್ ಕೇಳಿಬಂದ ದಿನ, ಆ ಫಂಕ್ಷನ್ ಯಾರಿಗೂ ಅನುಕೂಲವಾಗಿ ಉಳಿದಿಲ್ಲವೆಂದು ತಿಳಿಯಿರಿ.

ಹೆಸರು ಏನನ್ನು ನಂಬಿಸುತ್ತದೆ

ಹೆಸರು ಸಿಗುವುದು ಕಷ್ಟವಾದರೆ ಅದನ್ನೇ ಒಂದು ಸಾಕ್ಷ್ಯವೆಂದು ಪರಿಗಣಿಸಿ. ಹೆಸರಿನಲ್ಲಿ "ಮತ್ತು" ಎಂಬರ್ಥದ ಪದ ಬರಬೇಕಾದರೆ, ಎರಡು ಕೆಲಸಗಳು ಕೂಡಬಾರದಿದ್ದ ಕಡೆ ಕೂಡಿವೆ.

ಹೆಸರು ಸುಲಭವಾಗಿ ಸಿಕ್ಕರೂ ಅಪಾಯ ತಪ್ಪಿದ್ದಲ್ಲ. ಪೈಥಾನ್‌ನ ಪಾಂಡಾಸ್ ಲೈಬ್ರರಿಯಲ್ಲಿ ದತ್ತಾಂಶದ ಕೋಷ್ಟಕವಾದ ಡೇಟಾಫ್ರೇಮ್‌ಗೆ 'ಅಪೆಂಡ್' ಎಂಬ ಮೆಥಡ್ ಇತ್ತು. ಕೋಷ್ಟಕಗಳನ್ನು ಜೋಡಿಸುವ 'ಕಾನ್‌ಕ್ಯಾಟ್' ಮಾಡುವ ಕೆಲಸವನ್ನೇ ಅದು ಚಿಕ್ಕ ರೂಪದಲ್ಲಿ ಮಾಡುತ್ತಿತ್ತು. ಪೈಥಾನ್‌ನ ಸಾಮಾನ್ಯ ಪಟ್ಟಿಯ 'ಅಪೆಂಡ್' ಇದ್ದ ಜಾಗದಲ್ಲೇ ಒಂದು ವಸ್ತುವನ್ನು ಸೇರಿಸುತ್ತದೆ, ಅದಕ್ಕೆ ತಗಲುವ ಸಮಯ ನಗಣ್ಯ. ಡೇಟಾಫ್ರೇಮ್‌ನದು ಹಾಗಲ್ಲ, ಪ್ರತಿ ಬಾರಿಯೂ ಇಡೀ ಕೋಷ್ಟಕವನ್ನು ನಕಲು ಮಾಡಿ ಹೊಸದನ್ನು ಹಿಂತಿರುಗಿಸುತ್ತಿತ್ತು. ಹೆಸರನ್ನು ನಂಬಿದವರು ಲೂಪಿನೊಳಗೆ ಒಂದೊಂದೇ ಸಾಲು ಸೇರಿಸಿದರು. ಹೀಗೆ 10,000 ಸಾಲುಗಳ ಕೋಷ್ಟಕ ಕಟ್ಟಿದರೆ ಒಟ್ಟಾರೆ ಸುಮಾರು 5 ಕೋಟಿ ಸಾಲುಗಳ ನಕಲು ನಡೆಯುತ್ತದೆ. ಸಾಲುಗಳನ್ನು ಸಾಮಾನ್ಯ ಪಟ್ಟಿಯಲ್ಲಿ ಕೂಡಿಟ್ಟು ಕೊನೆಗೆ ಒಮ್ಮೆ ಜೋಡಿಸಿದರೆ ಇದಾವುದೂ ಬೇಕಿಲ್ಲ. 2022ರ ಜನವರಿಯ 1.4 ಆವೃತ್ತಿಯಲ್ಲಿ ಆ ಮೆಥಡನ್ನು ಬಳಸಬೇಡಿ ಎಂಬ ಎಚ್ಚರಿಕೆ ಬಂತು, 2023ರ ಏಪ್ರಿಲ್‌ನ 2.0ರಲ್ಲಿ ಅದನ್ನು ತೆಗೆದೇಹಾಕಿದರು. ಅಷ್ಟರಲ್ಲಿ ಎಷ್ಟೋ ಪಾಠಗಳಲ್ಲಿ, ನೋಟ್‌ಬುಕ್‌ಗಳಲ್ಲಿ ಅದು ಬೇರೂರಿತ್ತು. ಅನುಕೂಲದ ಫಂಕ್ಷನ್ ತಪ್ಪನ್ನು ತಡೆಯುವುದರ ಬದಲು ತಪ್ಪಿಗೆ ಕರೆದೊಯ್ದದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ತಿಳಿದಿಲ್ಲ. ನಿಮ್ಮ ಫಂಕ್ಷನ್ ಲೂಪಿನೊಳಗೆ ಸೇರಿದರೆ ಏನಾಗುತ್ತದೆ ಎಂಬುದನ್ನು ಒಪ್ಪುವ ಮುಂಚೆಯೇ ಅಳೆದು ನೋಡಿ. ಚಿಕ್ಕ ಹೆಸರಿನ ಫಂಕ್ಷನ್‌ಗಳು ಲೂಪಿನೊಳಗೆ ಸೇರಿಯೇ ಸೇರುತ್ತವೆ.

ಲೈಬ್ರರಿಯ ಹೊರಗೂ ಜಾಗಗಳಿವೆ

ಸೇರಿಸುವುದು, ತಿರಸ್ಕರಿಸುವುದು ಎಂಬ ಎರಡೇ ದಾರಿಗಳಿವೆ ಎಂದುಕೊಂಡಾಗ ತೀರ್ಮಾನ ಬಿಗಿಯಾಗುತ್ತದೆ. ಅವುಗಳ ನಡುವೆ ಇನ್ನೂ ಕೆಲವು ದಾರಿಗಳಿವೆ.

ನಮ್ಮ ಉದಾಹರಣೆಯಲ್ಲಿ "ಸಂಖ್ಯೆಯನ್ನು ಕನ್ನಡ ಅಂಕಿಗಳಿಗೆ ಬದಲಾಯಿಸಿ ಕೊಡಿ" ಎಂಬ ಕೋರಿಕೆ ಬಂದರೆ, ಇದನ್ನು 'ಇಂಟ್' ತಿರುಗಿಸಿ ಮಾಡಿಕೊಡುವುದಿಲ್ಲ. ಹತ್ತು ಅಂಕಿಗಳಿಗೆ ಹತ್ತು ಅಂಕಿಗಳನ್ನು ಹೊಂದಿಸಿದ ಕೋಷ್ಟಕವೊಂದನ್ನು 'ಮೇಕ್‌ಟ್ರಾನ್ಸ್'‌ನಿಂದ ಮಾಡಿಕೊಂಡು, 'ಟ್ರಾನ್ಸ್‌ಲೇಟ್' ಕರೆದರೆ ಕೆಲಸ ಮುಗಿಯುತ್ತದೆ. ಎರಡು ಸಾಲು. ಆದರೆ ಆ ಕೋಷ್ಟಕವನ್ನು ಕೈಯಿಂದ ಟೈಪ್ ಮಾಡುವಾಗ, ಅಂಕಿಯ ಸೊನ್ನೆಯಾದ ೦ ಇರಬೇಕಾದಲ್ಲಿ ಕಣ್ಣಿಗೆ ಹಾಗೆಯೇ ಕಾಣುವ ಅನುಸ್ವಾರದ ಚಿಹ್ನೆ ಸೇರಿಕೊಳ್ಳಬಹುದು. ಪರದೆಯ ಮೇಲೆ ಅದು ಗೊತ್ತೇ ಆಗುವುದಿಲ್ಲ. ತಪ್ಪಾಗುವ ಜಾಗ ಇದೆ, ಆದ್ದರಿಂದ ಲೈಬ್ರರಿ ಏನಾದರೂ ಕೊಡಬೇಕು. ಹಾಗೆಂದು ಸಂಖ್ಯೆಯನ್ನು ತೆಗೆದುಕೊಂಡು ಪಠ್ಯ ಕೊಡುವ ಫಂಕ್ಷನ್ ಬರೆದರೆ, ಲಕ್ಷ ಕೋಟಿಗಳ ಅಲ್ಪವಿರಾಮ ಹೇಗೆ, ದಶಾಂಶ ಎಷ್ಟು, ದಿನಾಂಕ ಕೊಟ್ಟರೆ ಏನು ಎಂಬ ಪ್ರಶ್ನೆಗಳು ಒಂದೊಂದೇ ಪ್ಯಾರಾಮೀಟರ್ ಆಗಿ ಬಂದು ಕೂರುತ್ತವೆ. ನಾನು ಕೊಡುವುದು ಆ ಕೋಷ್ಟಕವನ್ನು ಮಾತ್ರ, ಒಂದು ಸ್ಥಿರಾಂಕವಾಗಿ. ಅದರಿಂದ "1,25,000" ಎಂಬ ಪಠ್ಯ "೧,೨೫,೦೦೦" ಆಗುತ್ತದೆ, ದಿನಾಂಕವೂ ಬದಲಾಗುತ್ತದೆ, ಪುಟಸಂಖ್ಯೆಯೂ ಬದಲಾಗುತ್ತದೆ. ಯಾವುದನ್ನು ಹೇಗೆ ಬರೆಯಬೇಕೆಂಬ ನಿರ್ಧಾರ ಬಳಸುವವರಲ್ಲೇ ಉಳಿಯುತ್ತದೆ. ಕೇಳಿದ ಫಂಕ್ಷನ್ನಿನೊಳಗೆ ತಪ್ಪಾಗಬಹುದಾದ ಭಾಗ ಯಾವುದು ಎಂದು ಹುಡುಕಿ, ಅದೊಂದನ್ನೇ ಹೊರತೆಗೆದು ಕೊಡುವ ಈ ಕ್ರಮ ನಾನು ಬಲ್ಲ ಮಧ್ಯಮಾರ್ಗಗಳಲ್ಲೆಲ್ಲ ಅತ್ಯುತ್ತಮವಾದದ್ದು.

ಇನ್ನೊಂದು ದಾರಿ ಡಾಕ್ಯುಮೆಂಟೇಷನ್ನಿನ ಪಾಕವಿಧಾನ. ಪೈಥಾನ್‌ನ 'ಇಟರ್‌ಟೂಲ್ಸ್' ಮಾಡ್ಯೂಲ್ ತನ್ನ ಪುಟದ ಕೊನೆಯಲ್ಲಿ ನಕಲು ಮಾಡಿಕೊಳ್ಳಬಹುದಾದ ಅನೇಕ ಚಿಕ್ಕ ಫಂಕ್ಷನ್‌ಗಳನ್ನು ಬರೆದಿಟ್ಟಿದೆ. ಅಕ್ಕಪಕ್ಕದ ಜೋಡಿಗಳನ್ನು ಕೊಡುವ 'ಪೇರ್‌ವೈಸ್' ಅಲ್ಲಿ ಬಹಳ ವರ್ಷ ಪಾಕವಿಧಾನವಾಗಿಯೇ ಇದ್ದು, 2021ರ 3.10 ಆವೃತ್ತಿಯಲ್ಲಿ ಮಾಡ್ಯೂಲಿನೊಳಗೆ ಬಡ್ತಿ ಪಡೆಯಿತು. ಪಾಕವಿಧಾನವನ್ನು ತಿದ್ದಬಹುದು, ಹೆಸರು ಬದಲಾಯಿಸಬಹುದು, ತೆಗೆದುಹಾಕಲೂಬಹುದು. ಯಾರ ಕೋಡ್ ಕೂಡ ಮುರಿಯುವುದಿಲ್ಲ. ಖಚಿತವಿಲ್ಲದಾಗ ಮೊದಲು ಇಲ್ಲಿಡಿ.

ಇದರ ಎದುರು ನಿಲ್ಲುವ ಒಂದು ಘಟನೆಯನ್ನೂ ಮರೆಯುವಂತಿಲ್ಲ. 2016ರ ಮಾರ್ಚ್‌ನಲ್ಲಿ ಪಠ್ಯದ ಎಡಕ್ಕೆ ಖಾಲಿ ಜಾಗ ತುಂಬುವ 'ಲೆಫ್ಟ್‌ಪ್ಯಾಡ್' ಎಂಬ ಹನ್ನೊಂದು ಸಾಲಿನ ಪ್ಯಾಕೇಜು ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ಎನ್‌ಪಿಎಂ ಭಂಡಾರದಿಂದ ಹಠಾತ್ತಾಗಿ ಹೊರಹೋದಾಗ, ಅದರ ಮೇಲೆ ನಿಂತಿದ್ದ ಬೇಬಲ್‌ನಂಥ ದೊಡ್ಡ ಪ್ರಾಜೆಕ್ಟ್‌ಗಳ ಬಿಲ್ಡ್‌ಗಳೇ ನಿಂತುಹೋದವು. ಮರುವರ್ಷದ ಜಾವಾಸ್ಕ್ರಿಪ್ಟ್ ಮಾನದಂಡದಲ್ಲಿ ಅದೇ ಕೆಲಸದ 'ಪ್ಯಾಡ್‌ಸ್ಟಾರ್ಟ್' ಭಾಷೆಯ ಭಾಗವಾಯಿತು. ಮೂಲ ಲೈಬ್ರರಿ ತೀರಾ ಬಡವಾಗಿದ್ದರೆ ಆ ಬಡತನದ ಬೆಲೆಯನ್ನು ಬೇರೆಯವರು ಬೇರೆ ಕಡೆ ತೆರುತ್ತಾರೆ. ಎಲ್ಲ ಕೋರಿಕೆಗೂ "ನೀವೇ ಬರೆದುಕೊಳ್ಳಿ" ಎನ್ನುವುದು ಶಿಸ್ತಾಗುವುದಿಲ್ಲ.

ಸೇರಿಸುವುದಾದರೆ

ಸೇರಿಸುವ ಮುನ್ನ, ಇದನ್ನು ಮುಂದೆ ತೆಗೆಯುವುದು ಎಷ್ಟು ಕಷ್ಟ ಎಂಬುದನ್ನು ಒಮ್ಮೆ ನೆನೆಯಿರಿ. ಡಿಕ್ಷನರಿಯಲ್ಲಿ ಕೀ ಇದೆಯೇ ಎಂದು ನೋಡಲು ಪೈಥಾನ್‌ನಲ್ಲಿ 'ಹ್ಯಾಸ್‌ಕೀ' ಇತ್ತು. 2001ರ 2.2 ಆವೃತ್ತಿಯಲ್ಲಿ 'ಇನ್' ಎಂಬ ಪದವೇ ಆ ಕೆಲಸ ಮಾಡತೊಡಗಿದ ಮೇಲೆ ಅದು ಅನಗತ್ಯವಾಯಿತು. ಹೊರಹೋದದ್ದು 2008ರ ಪೈಥಾನ್ 3.0ರಲ್ಲಿ, ಭಾಷೆಯೇ ಮುರಿದು ಮತ್ತೆ ಕಟ್ಟಿಕೊಂಡಾಗ. ಪೈಥಾನ್‌ನ ಗಣಿತ ಲೈಬ್ರರಿಯಾದ ನಮ್‌ಪೈನಲ್ಲಿ, ಗುಣಲಬ್ಧ ಕೊಡುವ 'ಪ್ರಾಡ್'‌ನ ಇನ್ನೊಂದು ಹೆಸರಷ್ಟೇ ಆಗಿದ್ದ 'ಪ್ರಾಡಕ್ಟ್' 2024ರ 2.0 ಆವೃತ್ತಿಯವರೆಗೂ ಉಳಿದಿತ್ತು. ಗೋ ಭಾಷೆಯ 'ಐಒಯುಟಿಲ್' ಪ್ಯಾಕೇಜಿನ ಫಂಕ್ಷನ್‌ಗಳೆಲ್ಲ 2021ರ 1.16ರಲ್ಲಿ ಬೇರೆ ಪ್ಯಾಕೇಜುಗಳಿಗೆ ವಲಸೆ ಹೋದರೂ, ಹಳೆಯ ಕೋಡ್ ಮುರಿಯಬಾರದೆಂಬ ವಚನಕ್ಕೆ ಬದ್ಧವಾಗಿ ಹಳೆಯ ಹೆಸರುಗಳನ್ನೂ ಹಾಗೆಯೇ ಉಳಿಸಿಕೊಂಡಿದ್ದಾರೆ.

ಇಷ್ಟಾದ ಮೇಲೂ ಬೇಕು ಎಂದು ತೀರ್ಮಾನಿಸಿದರೆ, ಬರೆಯುವಾಗ ಹೊಸ ಫಂಕ್ಷನ್ ಲೈಬ್ರರಿಯ ಸಾರ್ವಜನಿಕ ಫಂಕ್ಷನ್‌ಗಳನ್ನು ಮಾತ್ರ ಕರೆಯಲಿ. ಒಳಗಿನ ಗುಟ್ಟಿನ ದಾರಿಗಳನ್ನು ಬಳಸಿದರೆ ಅದು ಅನುಕೂಲದ ಫಂಕ್ಷನ್ ಆಗಿ ಉಳಿಯುವುದಿಲ್ಲ, ಬಳಕೆದಾರರು ಅದನ್ನು ಬಿಡಿಸಿ ತಮಗೆ ಬೇಕಾದಂತೆ ಬರೆದುಕೊಳ್ಳಲೂ ಆಗುವುದಿಲ್ಲ. ಇನ್‌ಪುಟ್ ಪೈಥಾನ್‌ನಲ್ಲಿ ಏನೂ ಇಲ್ಲವೆಂದು ಸೂಚಿಸುವ 'ನನ್' ಆಗಿದ್ದರೆ ಖಾಲಿ ಪಠ್ಯವೆಂದು ಎಣಿಸೋಣ ಎಂಬಂಥ ಹೆಚ್ಚಿನ ಉಪಚಾರಗಳನ್ನು ಮಾಡಬೇಡಿ. ಬಿಡಿಸಿ ಬರೆದ ಕೋಡ್ ಎಲ್ಲಿ ದೋಷ ಎತ್ತುತ್ತದೆಯೋ ಅಲ್ಲಿ ಇದೂ ಎತ್ತಲಿ. ಟೆಸ್ಟಿನಲ್ಲಿ, ಯಾದೃಚ್ಛಿಕವಾಗಿ ಹುಟ್ಟಿಸಿದ ಇನ್‌ಪುಟ್‌ಗಳಿಗೆ ಫಂಕ್ಷನ್ನಿನ ಉತ್ತರವೂ ಬಿಡಿಸಿ ಬರೆದ ರೂಪದ ಉತ್ತರವೂ ಸದಾ ಒಂದೇ ಎಂದು ಪರೀಕ್ಷಿಸಿ. ಕನ್ನಡದ ವಿಷಯದಲ್ಲಿ ಆ ಇನ್‌ಪುಟ್‌ಗಳಲ್ಲಿ ಓತ್ವ, ಐತ್ವ, ಒತ್ತಕ್ಷರ, ಶೂನ್ಯ ಅಗಲದ ಚಿಹ್ನೆ, ಖಾಲಿ ಪಠ್ಯ ಇವೆಲ್ಲ ತಪ್ಪದೆ ಬರುವಂತೆ ನೋಡಿಕೊಳ್ಳಿ. ಡಾಕ್ಯುಮೆಂಟೇಷನ್ನಿನಲ್ಲಿ ಬಿಡಿಸಿದ ರೂಪವನ್ನು ಪೂರ್ತಿಯಾಗಿ ಬರೆಯಿರಿ, ಯಾವ ತಪ್ಪನ್ನು ತಡೆಯಲು ಇದು ಬಂದಿದೆ ಎಂದೂ ಹೇಳಿ.

ಬೇಡ ಎನ್ನುವುದಾದರೆ

ಕೋರಿಕೆ ತಂದವರು ಸಮಯ ಕೊಟ್ಟು ಯೋಚಿಸಿದ್ದಾರೆ, ಕೋಡ್ ಬರೆದಿದ್ದಾರೆ. "ಇದು ಅನಗತ್ಯ" ಎಂಬ ಒಂದೇ ಪದದ ಉತ್ತರ ಅವರಿಗೆ ಸಲ್ಲದು. ಅವರ ಕೆಲಸವನ್ನು ಈಗಿರುವ ಸಲಕರಣೆಗಳಿಂದ ಮಾಡುವ ಕೋಡನ್ನು ನೀವು ಮೊದಲ ಹೆಜ್ಜೆಯಲ್ಲೇ ಬರೆದು ಓಡಿಸಿ ನೋಡಿದ್ದೀರಿ. ಅದನ್ನೇ ಉತ್ತರದಲ್ಲಿ ಇಡಿ. ಅಡಗಿದ ತೀರ್ಮಾನ ಇದ್ದುದರಿಂದ ಬೇಡ ಎಂದಿದ್ದರೆ, ಎರಡು ಬಳಕೆಗಳು ಹೇಗೆ ಬೇರೆಯಾಗುತ್ತವೆ ಎಂಬುದನ್ನು ರಾಜ್‌ಕುಮಾರ್ ಹೆಸರಿನಂಥ ಒಂದೇ ಒಂದು ಉದಾಹರಣೆಯಿಂದ ತೋರಿಸಿ. ಹೆಚ್ಚಿನವರಿಗೆ ಅಷ್ಟು ಸಾಕಾಗುತ್ತದೆ. ಮುಂದೆ ಯಾವ ಸಾಕ್ಷ್ಯ ಸಿಕ್ಕರೆ ನಿಮ್ಮ ತೀರ್ಮಾನ ಬದಲಾಗಬಹುದು ಎಂಬುದನ್ನೂ ಬರೆಯಿರಿ, ಉದಾಹರಣೆಗೆ ಬೇರೆ ಬೇರೆ ಮೂರು ಪ್ರಾಜೆಕ್ಟ್‌ಗಳಲ್ಲಿ ಇದೇ ಕೆಲಸವನ್ನು ತಪ್ಪಾಗಿ ಮಾಡಿದ ಕೋಡ್.

'ಇಂಟ್' ಇರುವಾಗಲೂ ಕನ್ನಡ ಅಂಕಿಗಳ ಫಂಕ್ಷನ್ ಕೇಳಿದವರ ವಿಷಯದಲ್ಲಿ ಮಾತ್ರ, ಉತ್ತರ ಕಳುಹಿಸುವುದಕ್ಕೆ ಮೊದಲು ಡಾಕ್ಯುಮೆಂಟೇಷನ್ನಿನ ಮೊದಲ ಪುಟಕ್ಕೆ ಆ ಒಂದು ಸಾಲನ್ನು ಸೇರಿಸಿ, ಅದರ ಕೊಂಡಿಯನ್ನು ಉತ್ತರದೊಳಗೆ ಇಡಿ. ಅವರು ಅದನ್ನು ಹುಡುಕಿರುತ್ತಾರೆ. ಅದು ಅಲ್ಲಿ ಇರಲಿಲ್ಲ.